ಬಾಗಿಲಿಗೆ ಬಿಟ್ಟ ಜಾಗ

“ಇದೇನಕ್ಕಾ, ಕತ್ತೆಗಾಡಿ ನುಗ್ಗೋಷ್ಟು ಅಗಲ ಬಿಟ್ಟಿದ್ದೀರಲ್ಲ!” ಸರ್ಕಾರ ಕೊಟ್ಟ ಬಾಗಿಲನ್ನು ಮಣ್ಣುಗೋಡೆಗೆ ಹಿಡಿದು ಇಂಜಿನಿಯರ್ ಹಣೆ ಚಚ್ಚಿಕೊಂಡ. ಅಂತರ್ಯುದ್ಧದಲ್ಲಿ ಸುಟ್ಟ ಮನೆಗಳಿಗೆ ಗೋಡೆ ಊರವರದು, ತೊಲೆ-ಬಾಗಿಲು ಸರ್ಕಾರದ್ದು. ಇಲ್ಲಿ ನೋಡಿದರೆ ಎರಡೂ ಕಡೆ ಗೇಣಗಲ ಸಂದಿ.

ಮನೆಯೊಡತಿ ಸವ್ರಿನಿಸೋ ಕೈಯ ಕೆಸರು ಒರೆಸಿಕೊಂಡಳು. “ನನ್ನ ಬಾಗಿಲಿನ ಅಳತೆಗೇ ಬಿಟ್ಟಿದ್ದೀನಿ. ನಮ್ಮ ಯಜಮಾನ್ರು ಬದುಕಿದ್ದಾಗ ಅಕ್ರೋಟ್ ಮರದಲ್ಲಿ ಕೆತ್ತಿದ್ದು. ಅದು ಸುಟ್ಟಿಲ್ಲ, ಈ ಊರಲ್ಲೇ ಇದೆ.”

ಗೋಡೆ ಎತ್ತಲು ಕೂಡಿದ್ದ ನೆರೆಹೊರೆಯವರೆಲ್ಲ ತಲೆ ತಗ್ಗಿಸಿ ಮತ್ತೆ ಕೆಸರು ಕಲಸತೊಡಗಿದರು. ಎದುರುಮನೆಯ ನಜ್ರುಲ್ಲೊನ ಕಡೆ ಯಾರೂ ನೋಡಲಿಲ್ಲ. ಯುದ್ಧದಲ್ಲಿ ಅವನದು ಆ ಕಡೆ, ಇವಳ ಗಂಡನದು ಈ ಕಡೆ. ಬೆಳಗಿನಿಂದ ಎಲ್ಲರ ಜೊತೆ ಕೆಸರು ತುಳಿಯುತ್ತಿದ್ದವನು ಈಗ ಮೆಲ್ಲನೆ ಎದ್ದು ಹೋದ.

ವಾಪಸು ಬಂದಾಗ ಅವನ ಬೆನ್ನ ಮೇಲೆ ಅವನ ಕೊಟ್ಟಿಗೆಯ ಬಾಗಿಲಿತ್ತು. ಹಾಡಹಗಲೇ, ಎಲ್ಲರ ಕಣ್ಣೆದುರಿಗೇ. ಸಗಣಿ ಮೆತ್ತಿದ್ದರೂ ಹೂಬಳ್ಳಿಯ ಕೆತ್ತನೆ ಮಾಸಿರಲಿಲ್ಲ. ಗೋಡೆಗೆ ಇಟ್ಟರೆ ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ. ನಜ್ರುಲ್ಲೊ ತಲೆ ಎತ್ತಲಿಲ್ಲ.

ಸವ್ರಿನಿಸೋ ಕೆತ್ತನೆಯನ್ನು ಒಮ್ಮೆ ಸವರಿ, ಇಂಜಿನಿಯರ್ ಕಡೆ ತಿರುಗಿದಳು. “ನಿಮ್ಮ ಬಾಗಿಲು ಒಯ್ಯಬೇಡಿ. ನಜ್ರುಲ್ಲೊ ಅಣ್ಣನ ಹಸು ಚಳಿಗೆ ಸಾಯುತ್ತೆ, ಅಲ್ಲಿಗೇ ಹಾಕಿಕೊಡಿ. ಸಂದಿಗೆ ನಾನು ಮಣ್ಣು ಮೆತ್ತಿಕೊಡ್ತೀನಿ.”