ಬಿಳಿ ತಲೆ, ಕೆಂಪು ಕಾಲು

ಹೊಸ ಸಾಹೇಬರು ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದಾಗ ದುರ್ಬೀನು ಮಗಳ ಕೈಯಲ್ಲಿತ್ತು.

ಅವಳು ಬಟ್ಟೆಯ ಚುಂಗಿನಿಂದ ಗಾಜು ಒರೆಸತೊಡಗಿದಳು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಅದನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಕಣ್ಣಿಗೇರಿಸಿಕೊಂಡು ಕಡಲಿನತ್ತ ತಿರುಗಿದ.

"ಯಾರಮ್ಮಾ ನೀನು?"

"ಮಗಳು ಸಾರ್," ಎಂದ ಅಪ್ಪ. "ಚಹಾ ಮಾಡಿಕೊಡ್ತಾಳೆ. ಮಾತು ಕಡಿಮೆ."

ಮಾತು ಕಡಿಮೆ ಎಂಬುದು ನಿಜ. ಚಹಾದ ವಿಷಯ ಅರ್ಧ ನಿಜ.

ಬಂದರಿನ ಕಾವಲು ಗೋಪುರದಲ್ಲಿ ಅಪ್ಪನದು ಮೂವತ್ತು ವರ್ಷದ ಕೆಲಸ: ಬರುವ ಹಡಗಿನ ಬಾವುಟ ನೋಡಿ ಅದು ಯಾವ ದೇಶದ್ದು ಎಂದು ಹೇಳುವುದು. ಎರಡು ವರ್ಷದಿಂದ ಅವನ ಕಣ್ಣಿಗೆ ಹಡಗು ಬರೀ ಮಸುಕು ಮಚ್ಚೆ. ಬಾವುಟ ಅದೂ ಅಲ್ಲ. ಕೆಲಸ ಹೋದರೆ ಗೋಪುರದ ಬುಡದಲ್ಲಿದ್ದ ಎರಡು ಕೋಣೆಯ ಮನೆಯೂ ಹೋಗುತ್ತಿತ್ತು. ಅದಕ್ಕೇ ಅವಳು ಶಾಲೆ ಬಿಟ್ಟಳು. ಅದಕ್ಕೇ ಅಪ್ಪ ಅವಳಿಗೆ ಬಾವುಟಗಳನ್ನು ಕಲಿಸಿದ.

"ನಮ್ಮದು ಕೆಂಪು ತಲೆ, ಬಿಳಿ ಕಾಲು. ಕೋಪ ಮೂಗಿನ ತುದೀಲಿ. ಪಕ್ಕದ ದೇಶದ್ದು ಬಿಳಿ ತಲೆ, ಕೆಂಪು ಕಾಲು. ನಗುಮುಖ, ಹೊಟ್ಟೇಲೆಲ್ಲ ವಿಷ. ಉತ್ತರದವರದು ನೀಲಿ, ಬಿಳಿ, ಮತ್ತೆ ನೀಲಿ. ಪಾಪ, ಮುಳುಗೋವಾಗ ಬಾವುಟ ತಲೆಕೆಳಗೆ ಕಟ್ಟಿ ಕಾಪಾಡಿ ಅನ್ನೋಕೂ ಆಗಲ್ಲ ಅವರಿಗೆ. ಹೇಗೆ ಕಟ್ಟಿದ್ರೂ ಒಂದೇ!"

ಆ ದಿನ ಅಪ್ಪ ಮಗಳು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಯಾರಾದರೂ ಎದುರಿಗಿದ್ದಾಗ ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ. ಚಹಾದ ಕಪ್ಪನ್ನು ಅಪ್ಪನ ಕೈಗೆ ಸಿಗುವಂತೆ ಇಡುತ್ತಿದ್ದಳು. ಹಿಡಿ ಕಿಟಕಿಯ ಕಡೆಗಿದ್ದರೆ ನಮ್ಮದು. ಗೋಡೆಯ ಕಡೆಗಿದ್ದರೆ ಪಕ್ಕದವರದು. ಬಾಗಿಲ ಕಡೆಗಿದ್ದರೆ ಉತ್ತರದವರದು. ಈ ಬಂದರಿಗೆ ಬರುತ್ತಿದ್ದುದು ಹೆಚ್ಚುಕಡಿಮೆ ಆ ಮೂರೇ.

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ಕಣ್ಣಿನ ಮೇಲೆ ಒಂದು ಮೂಗರ್ಜಿ ಬಂದಿದೆ, ಯಜಮಾನರೇ. ಸೋಮವಾರದಿಂದ ಪಕ್ಕದ ದೇಶದ ಜೊತೆ ಯುದ್ಧ ನಡೀತಿದೆ. ಬಂಡೆ ಮೇಲೆ ಫಿರಂಗಿ ಕೂತಿದೆ. ನಾನು ನೆಲದ ಮನುಷ್ಯ, ಬಟ್ಟೆ ನೋಡಿ ದೇಶ ಹೇಳೋದು ನನಗೆ ಬರಲ್ಲ. ಅದಕ್ಕೇ ಇವತ್ತು ಇಲ್ಲೇ ಕೂತು ನೋಡ್ತೀನಿ."

"ಕೂತ್ಕೊಳ್ಳಿ ಸಾರ್."

"ಮನೇಲಿ ಇನ್ಯಾರಿದ್ದಾರೆ?"

"ಮಗ ಇದ್ದಾನೆ. ಸರಕಿನ ಹಡಗಲ್ಲಿ ಕೆಲಸ. ಮುಂದಿನ ವಾರ ಬರ್ತಾನೆ."

ಅಣ್ಣನ ಹೆಸರೆತ್ತಿದರೆ ಅವಳಿಗೆ ಸೂಜಿ ನೆನಪಾಗುತ್ತಿತ್ತು. ಹೋದ ಸಲ ಅವನು ಹಡಗಿನ ಬಾವುಟವನ್ನೇ ಮನೆಗೆ ತಂದಿದ್ದ. ಗಾಳಿಗೆ ಕೆಳಗಿನ ಮೂಲೆ ಹರಿದಿತ್ತು. ಮನೆಯಲ್ಲಿ ಬಿಳಿ ನೂಲು ಮುಗಿದಿತ್ತು. ಅಂಗೈಯಗಲದ ಹರಕನ್ನು ಅವಳು ದಪ್ಪ ಹಳದಿ ನೂಲಿನಲ್ಲಿ ಹೊಲಿದಿದ್ದಳು.

"ಹಳದೀನಾ? ಮೂರನೇ ಬಣ್ಣ ಸೇರಿಸಿ ಹೊಸ ದೇಶಾನೇ ಮಾಡಿಬಿಟ್ಟೆಯಲ್ಲೇ!"

"ಕೆಳಗಿನ ಮೂಲೆ ತಾನೇ ಅಣ್ಣಾ? ಯಾರು ನೋಡ್ತಾರೆ?"

ಹನ್ನೊಂದು ಗಂಟೆಯ ಹೊತ್ತಿಗೆ ಕಡಲಂಚಿನಲ್ಲಿ ಒಂದು ಹಡಗು ಕಾಣಿಸಿತು.

ಅವಳು ಸ್ಟವ್ ಹಚ್ಚಿದಳು. ಚಹಾ ಕುದಿಯುವಷ್ಟರಲ್ಲಿ ಬಾವುಟ ಅವಳ ಬರಿಗಣ್ಣಿಗೇ ಬಿತ್ತು. ಮೇಲೆ ಬಿಳಿ. ಕೆಳಗೆ ಕೆಂಪು. ಅವಳು ಎರಡು ಸಲ ನೋಡಿದಳು. ಚಹಾದ ಕಪ್ಪನ್ನು ಅಪ್ಪನ ಮುಂದಿಟ್ಟಳು. ಹಿಡಿ ಗೋಡೆಯ ಕಡೆಗಿತ್ತು.

ಅಪ್ಪನ ಬೆರಳು ಹಿಡಿಯನ್ನು ಮುಟ್ಟಿತು. "ಬಿಳಿ ತಲೆ ಸಾರ್. ಪಕ್ಕದವರದು."

ಸಾಹೇಬರು ದುರ್ಬೀನು ಇಸಿದುಕೊಂಡು ನೋಡಿದರು. ಬಿಳಿ ಮೇಲಿತ್ತು. "ಸರಿಯಾಗೇ ಹೇಳಿದ್ರಿ. ಶಾಂತಿ ತಲೆ ಮೇಲಿಟ್ಕೊಂಡು ಯುದ್ಧಕ್ಕೆ ಬರ್ತಾರೆ ನೋಡಿ!" ಅವರು ಫೋನೆತ್ತಿದರು.

ಎಚ್ಚರಿಕೆಯ ಗುಂಡು ಹಾರಿತು. ಹಡಗು ನಿಲ್ಲಲಿಲ್ಲ. ನಿಧಾನವಾಗಿ, ಹಟ ಹಿಡಿದಂತೆ, ಬಂದರಿನತ್ತಲೇ ಬಂತು.

"ರೇಡಿಯೋದಲ್ಲಿ ಕೂಗಿದ್ರೂ ಬಾಯಿ ಬಿಡ್ತಿಲ್ಲವಂತೆ," ಎಂದರು ಸಾಹೇಬರು. "ಒಂದು ಕಡೆಗೆ ವಾಲಿದೆ ಬೇರೆ. ಎಷ್ಟು ಮದ್ದುಗುಂಡು ತುಂಬಿದ್ದಾರೋ. ಮೇಲೆ ನಿಂತು ಅಂಗಿ ಬೀಸಿ ಅಣಕಿಸ್ತಿದ್ದಾರೆ."

ಅಣಕಿಸುವವರು ಹಾಗೆ ಬೀಸುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಶತ್ರುಗಳೇ ಇರಬಹುದು, ಆದರೆ ಅವರು ಹೆದರಿದ್ದರು. ಬಾಯಿ ತೆರೆದಳು. ಸಾಹೇಬರು ತಿರುಗಿ ನೋಡಿದರು. ಅಷ್ಟು ದೂರದ್ದು ಚಹಾದ ಹುಡುಗಿಗೆ ಹೇಗೆ ಕಂಡಿತು ಎಂದು ಕೇಳಿದರೆ? ಬಾಯಿ ಮುಚ್ಚಿಕೊಂಡಳು.

"ಕೊನೇ ಸಲ ಕೇಳ್ತೀನಿ, ಯಜಮಾನರೇ. ನೀವು ಹೂಂ ಅಂದ್ರೆ ಫಿರಂಗಿಯವರು ಹೊಡೀತಾರೆ."

ಅಪ್ಪ ಕಪ್ಪಿನ ಹಿಡಿಯನ್ನು ಮತ್ತೆ ಸವರಿದ. ಅವನ ಕೈ ಅಲ್ಲೇ ನಿಂತಿತು.

"ಪುಟ್ಟೀ, ಸಕ್ಕರೆ ಸರಿಯಾಗಿ ಹಾಕಿದ್ದೀಯೇನಮ್ಮಾ? ಇನ್ನೊಂದ್ಸಲ ನೋಡು."

ಅವಳು ನೋಡಿದಳು. ಮೇಲೆ ಬಿಳಿ. ಕೆಳಗೆ ಕೆಂಪು. ಅನುಮಾನವನ್ನು ಹೇಳಲು ಕಪ್ಪಿಗೆ ಇನ್ನೊಂದು ಹಿಡಿ ಇರಲಿಲ್ಲ.

"ಸರಿಯಾಗಿದೆ ಅಪ್ಪಾ."

"ಹೂಂ ಸಾರ್," ಎಂದ ಅಪ್ಪ.

ಮೂರು ಗುಂಡು. ಮೂರನೆಯದಕ್ಕೆ ಗೋಪುರದ ಗಾಜು ಅದುರಿತು, ಚಹಾ ತಟ್ಟೆಗೆ ಚೆಲ್ಲಿತು.

ಸಾಹೇಬರು ಜೇಬಿನಿಂದ ಕಾಗದವೊಂದನ್ನು ತೆಗೆದು ನಾಲ್ಕು ಚೂರು ಮಾಡಿದರು. "ಮೂಗರ್ಜಿ ಇಲ್ಲಿಗೆ ಮುಗೀತು. ನಿಮ್ಮದು ಹದ್ದಿನ ಕಣ್ಣು, ಯಜಮಾನರೇ." ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು.

ಮನೆ ಉಳಿಯಿತು. ಅಪ್ಪ ಗೋಡೆಗೊರಗಿ ಕೂತ. ಅವಳು ದುರ್ಬೀನು ಎತ್ತಿಕೊಂಡಳು. ಹಡಗಿನ ಹೊಟ್ಟೆ ಆಗಲೇ ನೀರಿನಲ್ಲಿತ್ತು. ಕಂಬ ಮಾತ್ರ ನಿಂತಿತ್ತು. ಬಾವುಟ ಗಾಳಿಗೆ ಬಿಡಿಸಿಕೊಂಡು ಪೂರ್ತಿ ಹರಡಿತು.

"ಏನು ಕಾಣ್ತಿದೆ ಪುಟ್ಟೀ?"

ಬಿಳಿಯ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲೆ, ಯಾರು ಬೇಕಾದರೂ ನೋಡುವಂತೆ, ಅಂಗೈಯಗಲದ ಹಳದಿ ಹೊಲಿಗೆಯಿತ್ತು.