ಧರ್ಮನ ಓಟ

ಮೈದಾನದ ತಿರುವಿಗೆ ಬಂದದ್ದೇ ತಡ, ಆಕಿಫನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಾಡಿಗೆ ಜೀಪು ನಿಲ್ಲಿಸಿ ಎಂಜಿನ್ನನ್ನೂ ಆರಿಸಿಬಿಟ್ಟ. ಎದುರಿಗೆ ವನಗೂರಿನ ರಸ್ತೆ ಖಾಲಿ ಬಿದ್ದಿತ್ತು.

“ಯಾಕೋ ಮಾರಾಯ, ಕೆಟ್ಟೋಯ್ತಾ?” ಹಿಂದಿನ ಸೀಟಿನಿಂದ ಮುನಿಯಮ್ಮ ಕೇಳಿದಳು.

ಜೀಪಿಗೇನೂ ಆಗಿರಲಿಲ್ಲ. ಈ ಗುಡ್ಡದಲ್ಲಿ ಮಟ್ಟಸವಾದ ಜಾಗ ಇದ್ದದ್ದೇ ಆ ಮೈದಾನದಷ್ಟು. ಫಾಸ್ಟ್ ಬೌಲರ್ ಧರ್ಮನ ಓಟಕ್ಕೆ ಅದು ಸಾಲುತ್ತಿರಲಿಲ್ಲ. ಅವನು ರಸ್ತೆಯಾಚೆ ತೋಟದ ಬೇಲಿಗೆ ಬೆನ್ನು ಕೊಟ್ಟು ನಿಂತು, ಚೆಂಡನ್ನು ಪ್ಯಾಂಟಿಗೆ ಉಜ್ಜಿ, ಡಾಂಬರು ದಾಟಿ ದಡದಡನೆ ಓಡಿ ಬರುತ್ತಿದ್ದ. ಅವನ ಓವರ್ ಮುಗಿಯುವವರೆಗೆ ಎರಡೂ ಕಡೆಯ ಗಾಡಿಗಳು ಎಂಜಿನ್ ಆರಿಸಿ ಕಾಯುತ್ತಿದ್ದವು. ಯಾರಿಗೂ ಬೇಸರವಿರಲಿಲ್ಲ, ಮುನಿಯಮ್ಮನಿಗೆ ಮಾತ್ರ ಪ್ರತಿ ಸಲವೂ ಮೈ ಉರಿಯುತ್ತಿತ್ತು. “ಆ ರಾಕ್ಷಸ ಓಡ್ಬರೋ ಹೊತ್ಗೆ ನಾನು ಸಂತೆಗೋಗಿ ಬಂದ್ಬುಡ್ತಿದ್ದೆ. ಹಾರ್ನ್ ಹೊಡಿಯೋ!” ಧರ್ಮ ಬೇಲಿಗೆ ವಾಪಸ್ ನಡೆಯುತ್ತಾ ಅವಳಿಗೊಂದು ಸಲಾಮು ಹೊಡೆದು ನಗುತ್ತಿದ್ದ.

ಹೋದ ತಿಂಗಳು ಎದೆನೋವು ಅಂತ ಮಲಗಿದವನು ಏಳಲೇ ಇಲ್ಲ. ಈಗ ಆಡುತ್ತಿದ್ದವರ ಓಟವೆಲ್ಲ ಬೌಂಡರಿಯ ಒಳಗೇ ಮುಗಿಯುತ್ತಿತ್ತು.

“ಅಭ್ಯಾಸ ಬಲ ಕಣಮ್ಮ, ನಿಲ್ಸ್ಬುಟ್ಟೆ,” ಎಂದು ಆಕಿಫ್ ನಾಚಿಕೊಂಡು ಕೀಲಿಗೆ ಕೈ ಹಾಕಿದ.

ಮುನಿಯಮ್ಮ ಬೇಲಿಯ ಕಡೆಗೇ ನೋಡುತ್ತಿದ್ದಳು. ಧರ್ಮ ಹಿಮ್ಮಡಿ ಊರಿ ಊರಿ ಸವೆಸಿದ ಜಾಗದಲ್ಲಿ ಇನ್ನೂ ಹುಲ್ಲು ಹುಟ್ಟಿರಲಿಲ್ಲ.

“ಇರೋ ಮಾರಾಯ,” ಎಂದಳು. “ಓವರ್ ಮುಗೀಲಿ.”