ಹೆಣ್ಣು ಪೊಲೀಸು ಇಳಿದ ಮನೆ

ಎಲ್ಲಿ ಏನು ನಡೆಯುತ್ತದೆಂದು ಯಂತ್ರ ಮೊದಲೇ ಹೇಳತೊಡಗಿದ ಮೇಲೆ, ಪೊಲೀಸರು ಅಪರಾಧಕ್ಕಿಂತ ಮುಂಚೆಯೇ ಬಂದು ಕಾಯುತ್ತಿದ್ದರು. ಒಬ್ಬ ಪೇದೆ ಬಂದರೆ ಕಳ್ಳತನ, ಇಬ್ಬರು ಬಂದರೆ ಹೊಡೆದಾಟ, ಹವಾಲ್ದಾರನೇ ಬಂದರೆ ಹೆಣ. ಇದು ಓಣಿಯ ಮಕ್ಕಳಿಗೂ ಗೊತ್ತಿತ್ತು.

ಅವತ್ತು ಶಾವಂತ್ರವ್ವನ ಕಟ್ಟೆಯ ಮೇಲೆ ಹವಾಲ್ದಾರ ಮುದಕಪ್ಪನೇ ಕೂತಿದ್ದ. ಅವಳು ಚಹಾ ಕೊಟ್ಟಳು.

"ಯಾರ್ರೀ, ಸಾಹೇಬ್ರ?"

"ಹೆಸರು ನಮಗೂ ಹೇಳೂದಿಲ್ಲವ್ವ. ಮನಿ ನಂಬರ ಅಷ್ಟ ಕೊಡ್ತಾರ."

"ಹೆಂಗೂ ಬಂದೀರಿ. ತಡೀರಲ್ಲ?"

"ತಡಿಯೂ ಪೋಸ್ಟ್ ಬ್ಯಾರೆ ಅದಾವು. ನಮ್ಮ ಸ್ಟೇಷನ್ಯಾಗ ಅವೆಲ್ಲ ಖಾಲಿ ಬಿದ್ದಾವು. ನಮ್ಮದೇನಿದ್ರೂ ಪಂಚನಾಮೆ," ಎಂದ ಮುದಕಪ್ಪ, ಚಹಾ ಊದುತ್ತ.

ಮನೆಯಲ್ಲಿದ್ದವರು ಇಬ್ಬರೇ. ದಿನಾ ಕುಡಿದು ಬಂದು ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದ ಗಂಡ ಬಾಳಪ್ಪ ಒಳಗೆ ಗೊರಕೆ ಹೊಡೆಯುತ್ತಿದ್ದ. ಹೋದ ವಾರ ಅವನು ರಕ್ತ ಕಾರಿದ್ದು ಅವಳಿಗೆ ನೆನಪಾಯಿತು. ಪಾಪವೆನಿಸಿದರೂ ಜೀವ ಹಗುರಾಯಿತು. ಹವಾಲ್ದಾರನಿಗೆ ಎರಡನೇ ಸಲ ಚಹಾ ಮಾಡುವಾಗ ಸಕ್ಕರೆ ಧಾರಾಳವಾಗಿ ಹಾಕಿದಳು.

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಅದರಿಂದ ಇಳಿದವಳು ಹೆಣ್ಣು ಪೊಲೀಸು. ಇಡೀ ತಾಲೂಕಿಗೆ ಇದ್ದವಳು ಅವಳೊಬ್ಬಳೇ. ಹೆಣ್ಣಿನ ಹೆಣ ಮುಟ್ಟಿ ನೋಡುವುದಕ್ಕಲ್ಲದೆ ಬೇರೆ ಯಾವ ಕೆಲಸಕ್ಕೂ ಅವಳನ್ನು ಕಳಿಸುತ್ತಿರಲಿಲ್ಲ.

ಶಾವಂತ್ರವ್ವನ ಕೈಯಲ್ಲಿದ್ದ ಕಪ್ಪು ಬಿದ್ದು ಒಡೆಯಿತು. ಆ ಸದ್ದಿಗೆ ಒಳಗಿನ ಗೊರಕೆ ನಿಂತಿತು.

ಹೆಣ್ಣು ಪೊಲೀಸು ಕಟ್ಟೆಯ ಮೇಲೆ ಮುದಕಪ್ಪನ ಪಕ್ಕ ಕೂತು, ಬೆವರು ಒರೆಸಿಕೊಂಡಳು. "ಯಕ್ಕಾ, ನನಗೂ ಒಂದು ಕಪ್ ಚಹಾ ಮಾಡ್ತೀಯೇನ? ಇನ್ನೂ ಟೈಮ್ ಐತಿ."